ಕಿಟಕಿ ಪಕ್ಕದ ಕೆಂಚಮ್ಮ

ಸಕಲೇಶಪುರ ರೈಲ್ವೆ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರಂನಲ್ಲಿ ಹೊಸದಾಗಿ ಎದ್ದಿದ್ದ ಉದ್ದನೆಯ ಗೋಡೆಯ ಮುಂದೆ ನಿಂತು ಪುಷ್ಪಾ ಕೈಯಲ್ಲಿದ್ದ ಚಿತ್ರವನ್ನು ನೋಡಿದಳು. ಎಡಗಡೆ ಆನೆ. ಅದರ ಪಕ್ಕ ಹಣ್ಣು ಬಿಟ್ಟ ಕಾಫಿ ರೆಂಬೆ. ನಡುವೆ ಒಂದು ದೇವಸ್ಥಾನ, ಬಲಗಡೆ ಮಂಜರಾಬಾದ್ ಕೋಟೆ.

"ಆನೆಯಿಂದ ಶುರು ಮಾಡಿ ಮೇಡಂ," ಎಂದ ನಟರಾಜ್. ನಿಲ್ದಾಣವನ್ನು ಹೊಸದು ಮಾಡುವ ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಅವನು. "ಉದ್ಘಾಟನೆ ಹತ್ರ ಬಂತು. ಬಣ್ಣ, ಏಣಿ, ಎಲ್ಲಾ ನಮ್ದೇ. ನೀವು ಬರೀತಾ ಹೋಗೋದಷ್ಟೇ."

ಪುಷ್ಪಾ ಬೋರ್ಡು ಬರೆಯುವವಳು. ಎಸ್ಟೇಟ್ ಗೇಟಿನ ಮೇಲಿನ ಹೆಸರು, ಶಾಲೆಯ ಗೋಡೆಯ ಮೇಲಿನ ನಕ್ಷೆ, ಲಾರಿಯ ಹಿಂದಿನ ನವಿಲು, ಊರಲ್ಲಿ ಕೈಯಿಂದ ಬರೆದದ್ದು ಏನು ಉಳಿದಿದ್ದರೂ ಅದರಲ್ಲಿ ಹೆಚ್ಚಿನದು ಅವಳದೇ. ಫ್ಲೆಕ್ಸ್ ಬಂದ ಮೇಲೆ ಜೊತೆಯವರೆಲ್ಲ ಕುಂಚ ಕೆಳಗಿಟ್ಟರು. ಇವಳು ಇಡಲಿಲ್ಲ. ಇಷ್ಟು ದೊಡ್ಡ ಗೋಡೆ ಸಿಕ್ಕಿದ್ದು ಇದೇ ಮೊದಲು.

"ನಟರಾಜಣ್ಣ, ಇದರಲ್ಲಿ ರೈಲೇ ಇಲ್ವಲ್ಲ?" ಎಂದಳು.

"ರೈಲು ಎದುರಿಗೇ ಬಂದು ನಿಲ್ಲುತ್ತಲ್ಲ. ಗೋಡೆ ಮೇಲೆ ಬೇರೆ ಯಾಕೆ?"

"ಕೋಟೆ ಇಲ್ಲಿಂದ ಮೇಲಕ್ಕೆ ಹತ್ತಿದರೆ ಕಾಣುತ್ತೆ. ಆನೆ ತೋಟಕ್ಕೇ ಬರುತ್ತೆ. ಈ ಘಾಟಿಗೆ ರೈಲು ಹೇಗೆ ಬಂತು ಅನ್ನೋದು ಮಾತ್ರ ಎಲ್ಲೂ ಬರೆದಿಲ್ಲ. ಸ್ಟೇಷನ್ ಗೋಡೆ ಮೇಲೂ ಬರೀದೇ ಇದ್ರೆ ಇನ್ನೆಲ್ಲಿ ಬರೀತೀರಿ?"

ನಟರಾಜ್ ತಲೆ ಕೆರೆದುಕೊಂಡ. ಮೈಸೂರಿನ ರೈಲ್ವೆ ಕಚೇರಿಯಿಂದ ಒಪ್ಪಿಗೆಯಾಗಿ ಬಂದ ಚಿತ್ರ, ಅದರಲ್ಲಿ ಒಂದು ಎಲೆಯನ್ನೂ ಅಲುಗಿಸುವ ಹಾಗಿಲ್ಲ ಎಂದ. ಪುಷ್ಪಾ ಬಿಡಲಿಲ್ಲ. ಕೋಟೆಯ ಪಕ್ಕದಲ್ಲಿ ಖಾಲಿ ಉಳಿಯುವ ಭಾಗವೊಂದನ್ನು ತೋರಿಸಿ, ಅದಷ್ಟನ್ನು ತನಗೆ ಬಿಡಬೇಕೆಂದು ಕೇಳಿದಳು. ಕೊನೆಗೆ ಅವನು, "ಮೇಲಿನವರು ಒಪ್ಪಿದ್ರೆ ನನ್ನದೇನಿಲ್ಲ. ಆದ್ರೆ ನೀವೇ ಹೋಗಿ ಕೇಳ್ಕೊಂಡು ಬರಬೇಕು. ನಾನು ಕೇಳಲ್ಲ," ಎಂದುಬಿಟ್ಟ.

ಆ ಸಂಜೆ ಅವಳು ತಂದೆ ಪರಮಶಿವಯ್ಯನವರ ಹತ್ತಿರ ವಿಷಯ ತೆಗೆದಳು. ಅವರದು ಪೇಟೆಯಲ್ಲಿ ಹಳೆಯ ದಿನಸಿ ಅಂಗಡಿ. ರೈಲು ದಾರಿ ಕಡಿಯುವ ಕಾಲಕ್ಕೆ ಅವರಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂರುತ್ತಿದ್ದರು.

"ವಾರದ ಸಂತೆ ದಿನ ಅಂಗಡಿ ಮುಂದೆ ಕಾಲಿಡಕ್ಕೆ ಜಾಗ ಇರ್ತಿರಲಿಲ್ಲ ಮಗಾ," ಎಂದರು. "ತಮಿಳಿನೋರು, ಮಲಯಾಳದೋರು, ನಮ್ಮ ಕಡೆಯೋರು, ಎಲ್ಲಾ ಸೇರಿ ಗುಡ್ಡ ಕೊರೀತಿದ್ರು. ಎಷ್ಟೋ ವರ್ಷ ನಡೀತು ಕೆಲಸ. ಆಮೇಲೆ ಚಿಕ್ಕ ಹಳಿ ರೈಲು ಬಂತು. ಅದನ್ನ ಕಿತ್ತು ದೊಡ್ಡ ಹಳಿ ಹಾಕಕ್ಕೆ ಅಂತ ನಿಲ್ಸಿದ್ರು ನೋಡು, ಹತ್ತು ವರ್ಷದ ಮೇಲೆ ಸ್ಟೇಷನ್ನಲ್ಲಿ ಒಬ್ಬ ಪ್ರಯಾಣಿಕನೂ ಇಲ್ಲ. ಪ್ಲಾಟ್‌ಫಾರಂ ಮೇಲೆ ದನ ಮೇಯ್ತಿದ್ವು. ನೀನಾಗ ಚಿಕ್ಕವಳು. ಈಗ ನೋಡಿದ್ರೆ ಕರೆಂಟ್ ತಂತಿ ಎಳ್ದವ್ರೆ, ಹೊಸಾ ಹಾಲ್ ಕಟ್ಟವ್ರೆ."

"ಗುಡ್ಡ ಕೊರೆದೋರು ಯಾರಾದ್ರೂ ಈಗ ಇದಾರಾ ಅಪ್ಪಾಜಿ?"

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ದೋಣಿಗಲ್ಲಿನಲ್ಲಿ ದ್ಯಾವಯ್ಯ ಅಂತ ಇದಾನೆ. ಇದ್ರೆ ಅವನೊಬ್ಬ."

ಮಾರನೆಯ ದಿನವೇ ಪುಷ್ಪಾ ಬಸ್ಸಿನಲ್ಲಿ ದೋಣಿಗಲ್ಲಿಗೆ ಹೋದಳು. ಹೆದ್ದಾರಿಯಿಂದ ಒಳಗೆ, ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಕೊನೆಯದು. ದ್ಯಾವಯ್ಯ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ಒಂದು ಕಿವಿ ಕೇಳುತ್ತಿರಲಿಲ್ಲ. ಮಗಳು ಸುಮಿತ್ರಮ್ಮ ಅವನ ಇನ್ನೊಂದು ಕಿವಿಯ ಹತ್ತಿರ ಬಗ್ಗಿ, ಬಂದವರು ಯಾರು, ಯಾಕೆ ಬಂದಿದ್ದಾರೆ ಎಂದು ಜೋರಾಗಿ ಹೇಳಿದಳು.

"ರೈಲಿಂದಾ?" ಎಂದು ಮುದುಕ ಮಚ್ಚು ಕೆಳಗಿಟ್ಟ. "ಕೂತ್ಕಳವ್ವ. ಯಾರೂ ಕೇಳಿರ್ಲಿಲ್ಲ ಇಲ್ಲೀಗಂಟ."

ಅವನು ಹೇಳುತ್ತ ಹೋದ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಆಲೂರಿನ ಕಡೆಯಿಂದ ಕೂಲಿಗೆಂದು ಬಂದವರು. ಅವನು ಸುರಂಗದೊಳಗೆ ಬಂಡೆಗೆ ತೂತು ಕೊರೆಯುವವನು. ಮದ್ದು ಸಿಡಿದ ಮೇಲೆ ಕಲ್ಲು ಮಣ್ಣನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೊರಗೆ ಸುರಿಯುವ ಹೆಂಗಸರಲ್ಲಿ ಅವನ ಹೆಂಡತಿ ಕೆಂಚಮ್ಮನೂ ಒಬ್ಬಳು. ಸುಮಿತ್ರಮ್ಮ ಹುಟ್ಟಿದ್ದು ಕೆಲಸದವರ ಗುಡಿಸಲಲ್ಲೇ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಂಚಮ್ಮ ಮಂಕರಿ ಹೊತ್ತಿದ್ದಳು.

"ಅವರ ಫೋಟೋ ಏನಾದ್ರೂ ಇದ್ಯಾ?" ಎಂದು ಪುಷ್ಪಾ ಕೇಳಿದಳು.

"ಎಲ್ಲಿ ಬಂತಕ್ಕ," ಎಂದಳು ಸುಮಿತ್ರಮ್ಮ. "ಓಟಿನ ಚೀಟಿಗೆ ಫೋಟೋ ಹೊಡಿಯೋರು ಬರೋಕ್ಕೂ ಮೊದ್ಲೇ ಹೋಗ್ಬುಟ್ಳು ನಮ್ಮವ್ವ. ನನ್ನ ಮಕ ನೋಡಿ ಬರೀರಿ. ಎಲ್ರೂ ಅವಳಂಗೇ ಅಂತಾರೆ."

ಪುಷ್ಪಾ ಸುಮಿತ್ರಮ್ಮನನ್ನು ಬಾಗಿಲ ಬೆಳಕಿಗೆ ಕೂರಿಸಿ ಬರೆದುಕೊಂಡಳು. ದ್ಯಾವಯ್ಯ ಪಕ್ಕದಲ್ಲಿ ನಿಂತು, ಹಣೆ ಇನ್ನಷ್ಟು ಅಗಲ, ಗಲ್ಲ ಚಿಕ್ಕದು, ಹುಬ್ಬು ದಪ್ಪ ಎಂದು ತಿದ್ದಿಸಿದ. ಊರಿಗೆ ಮರಳುವಾಗ ಬಸ್ಸಿನಲ್ಲೇ ಅವಳ ಮನಸ್ಸಿನಲ್ಲಿ ಇಡೀ ಚಿತ್ರ ಮೂಡಿಬಿಟ್ಟಿತ್ತು: ಕಪ್ಪು ಸುರಂಗದ ಬಾಯಿ, ಅದರಿಂದ ಬೆಳಕಿಗೆ ಕಾಲಿಡುತ್ತಿರುವ ಹೆಂಗಸು, ತಲೆಯ ಮೇಲೆ ಮಂಕರಿ, ಬೆನ್ನಿಗೆ ಕೂಸು.

ಆ ಚಿತ್ರವನ್ನು ಕಾಗದಕ್ಕಿಳಿಸಿ, ಅದನ್ನು ಹಿಡಿದು ಅವಳು ಮೈಸೂರಿನ ಕಚೇರಿಗೆ ಹೋದಳು. ನೋಡಬೇಕಾದ ಅಧಿಕಾರಿ ಸಭೆಯಲ್ಲಿದ್ದರು, ಬಾಗಿಲಲ್ಲಿದ್ದವರು ನಾಳೆ ಬನ್ನಿ ಎಂದರು. ಅವಳು ಅಲ್ಲೇ ಬೆಂಚಿನ ಮೇಲೆ ಕೂತಳು. ಊಟದ ಹೊತ್ತು ಮೀರಿತು, ಕಸ ಗುಡಿಸುವವರು ಬಂದು ಅವಳ ಕಾಲ ಕೆಳಗೆ ಗುಡಿಸಿ ಹೋದರು. ಕೂತೇ ಇದ್ದಳು. ಕಚೇರಿ ಮುಚ್ಚುವ ಮುಂಚೆ ಅಧಿಕಾರಿಯೇ ಹೊರಗೆ ಬಂದರು. ನಡುವಯಸ್ಸಿನ ಹೆಂಗಸು, ಅವಸರದಲ್ಲಿದ್ದರು. ಚಿತ್ರವನ್ನು ನಿಂತೇ ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟು ಮತ್ತೆ ನೋಡಿದರು.

"ಇದನ್ನ ಬರೀರಿ," ಎಂದರು. "ನಾನು ಫೋನ್ ಮಾಡಿ ಹೇಳ್ತೀನಿ."

ಪುಷ್ಪಾ ಆನೆ, ದೇವಸ್ಥಾನ, ಕೋಟೆ ಎಲ್ಲವನ್ನೂ ಬೇಗ ಬೇಗ ಮುಗಿಸಿದಳು. ಕೆಂಚಮ್ಮನನ್ನು ಮಾತ್ರ ನಿಧಾನವಾಗಿ ಬರೆದಳು. ಕತ್ತಿನ ನರ, ಮಂಕರಿಯ ಕೆಳಗೆ ಸುತ್ತಿಟ್ಟ ಸಿಂಬೆಯ ಹಳೆ ಬಟ್ಟೆ, ಪಾದಕ್ಕೆ ಮೆತ್ತಿದ ಕೆಂಪು ಮಣ್ಣು. ಬೆಳಗಿನ ರೈಲಿಗೆ ಬಂದವರು ನಿಂತು ನೋಡಿದರು. ಕಾಲೇಜು ಹುಡುಗಿಯರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಟರಾಜ್ ಕೂಡ ಎರಡು ಹೆಜ್ಜೆ ಹಿಂದೆ ಸರಿದು, "ಆನೆಗಿಂತ ಇದೇ ಚೆನ್ನಾಗಿದೆ ಮೇಡಂ. ಸುಮ್ನೆ ಹೇಳ್ಬಾರ್ದು," ಎಂದ. ತಾನು ಇದುವರೆಗೆ ಬರೆದದ್ದರಲ್ಲಿ ಇದೇ ಮೇಲು ಎಂದು ಪುಷ್ಪಾಳಿಗೂ ಗೊತ್ತಿತ್ತು.

ಉದ್ಘಾಟನೆಗೆ ಒಂದು ವಾರ ಉಳಿದಿರುವಾಗ ಅವಳು ಆಟೋ ಮಾಡಿಕೊಂಡು ಹೋಗಿ ದ್ಯಾವಯ್ಯನನ್ನೂ ಸುಮಿತ್ರಮ್ಮನನ್ನೂ ಕರೆತಂದಳು. ಮುದುಕ ಒಗೆದ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿದ್ದ. ಗೋಡೆಯ ಹತ್ತಿರಕ್ಕೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದ.

"ಮುಖ ಹೋಲುತ್ತಾ ತಾತ?" ಎಂದಳು ಪುಷ್ಪಾ.

"ಮಕ ಅವಳ್ದೇ ಕಣವ್ವ. ನನ್ನೇ ನೋಡ್ದಂಗೈತೆ." ಅವಳ ಕಡೆ ತಿರುಗಿ, "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ," ಎಂದ.

"ಹೇಳಿ."

"ಆ ಮಂಕ್ರಿ ಇಳಿಸ್ಬುಡು."

ಸುಮಿತ್ರಮ್ಮ ತಂದೆಯ ತೋಳು ಹಿಡಿದು, "ಅಪ್ಪಾ, ಸುಮ್ನಿರು. ಪಾಪ, ಎಷ್ಟು ಕಷ್ಟಪಟ್ಟು ಬರ್ದವ್ರೆ," ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

"ಹೊತ್ತೂ ಹೊತ್ತೂ ಅವಳ ಕತ್ತೇ ಹೋಗ್ಬುಡ್ತು ಕಣವ್ವ. ಕೊನೆಗಾಲಕ್ಕೆ ಮಗ್ಗಲಿಗೆ ತಿರುಗಿ ನೋಡಕ್ಕೂ ಆಯ್ತಿರ್ಲಿಲ್ಲ. ನೋಡ್ಬೇಕು ಅಂದ್ರೆ ಇಡೀ ಮೈಯೇ ತಿರುಗಿಸ್ಬೇಕು. ಅಷ್ಟು ವರ್ಸ ಹೊತ್ತಿದ್ದು ನಾನು ಕಂಡಿದೀನಿ, ಸಾಕು. ಇಲ್ಲೂ ಹೊತ್ಕಂಡೇ ನಿಂತಿರ್ಬೇಕಾ ಅವ್ಳು? ಹೋಗೋರು ಬರೋರೆಲ್ಲ ನೋಡ್ತಿರ್ಬೇಕಾ?"

"ಮತ್ತೆ ಹೇಗೆ ಬರೀಲಿ ತಾತ?"

ಅವನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತ. "ಒಂದ್ ಕಿತ ರೈಲು ಹತ್ತಿದ್ವಿ ನಾವು," ಎಂದ. "ರೈಲು ಬುಟ್ಟು ಒಂದೆರಡು ವರ್ಸ ಆಗಿತ್ತು. ಸಮುದ್ರ ನೋಡ್ಬೇಕು ಅಂತ ಆಸೆಪಟ್ಳು, ಮಂಗ್ಳೂರಿಗೆ ಹೊಂಟ್ವಿ. ಕಿಟಕಿ ಪಕ್ಕ ಅವ್ಳೇ ಕೂತ್ಲು, ನನ್ನ ಬುಡ್ಲಿಲ್ಲ. ಕೊರೀವಾಗ ಸುರಂಗದೊಳಗೆ ಯಾರೂ ಕೂಗೋ ಹಂಗಿರ್ಲಿಲ್ಲ ಕಣವ್ವ. ಕೂಗಿದ್ರೆ ಮೇಲಿನ ಕಲ್ಲು ಉದುರ್ತದೆ ಅನ್ನೋ ಭಯ ನಮಗೆ. ಕೂಸು ಅತ್ರೂ ಬಾಯಿ ಮುಚ್ಚೋಳು. ಅವತ್ತು ರೈಲು ಸುರಂಗದೊಳಕ್ಕೆ ನುಗ್ತು ನೋಡು, ಡಬ್ಬಿಲಿದ್ದ ಹೈಕ್ಳೆಲ್ಲ ಹೋ ಅಂತ ಕೂಗ್ತು. ಇವ್ಳೂ ಶುರು ಹಚ್ಕಂಡ್ಳು. ಕಿಟಕಿ ಸರಳು ಹಿಡ್ಕಂಡು ಹೋ ಅಂತ. ಸುರಂಗ ಮುಗಿಯೋಗಂಟ ನಿಲ್ಸ್ಲೇ ಇಲ್ಲ. ಆಚೆ ಬಂದ್ಮೇಲೆ ನಕ್ಕಿದ್ದೂ ನಕ್ಕಿದ್ದೇ. ಕಣ್ಣಲ್ಲಿ ನೀರು ಬರೋ ಅಷ್ಟು ನಕ್ಳು. ಇನ್ನೊಂದು ಸುರಂಗ ಬಂತು, ಮತ್ತೆ ಕೂಗಿದ್ಲು."

ಸುಮಿತ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಸಂಗತಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ತನ್ನನ್ನು ಅಜ್ಜಿಯ ಬಳಿ ಬಿಟ್ಟು ಅವರಿಬ್ಬರೂ ಎಲ್ಲಿಗೋ ಹೋಗಿ ಬಂದಿದ್ದರೆಂಬುದಷ್ಟೇ ಅವಳಿಗೆ ನೆನಪು.

ಅವರನ್ನು ಕಳಿಸಿ ಬಂದು ಪುಷ್ಪಾ ಗೋಡೆಯ ಮುಂದೆ ಕೂತಳು. ಮನಸ್ಸಿಗೆ ಸಿಟ್ಟು ಬಂದಿತ್ತು. ದ್ಯಾವಯ್ಯನ ಮೇಲಲ್ಲ, ತಾನು ಅವನನ್ನು ಅದೊಂದನ್ನು ಕೇಳದೆ ಬಂದುಬಿಟ್ಟೆನಲ್ಲ ಎಂದು. ಸುರಂಗ ಹೇಗೆ ಕೊರೆದಿರಿ ಎಂದು ಕೇಳಿದ್ದಳು, ಎಷ್ಟು ಕಷ್ಟವಾಯಿತು ಎಂದು ಕೇಳಿದ್ದಳು. ನೀವೂ ರೈಲು ಹತ್ತಿದಿರಾ ಎಂದು ಕೇಳಿರಲಿಲ್ಲ. ಆದರೆ ಎದುರಿಗಿದ್ದ ಚಿತ್ರವನ್ನು ನೋಡಿದಾಗ ಅಳಿಸಲು ಕೈ ಬಾರದು. ಕತ್ತಿನ ಆ ನರವೊಂದನ್ನೇ ಅವಳು ಅರ್ಧ ದಿನ ಕೂತು ಬರೆದಿದ್ದಳು. ಇಷ್ಟು ಚೆನ್ನಾಗಿ ಇನ್ನೊಮ್ಮೆ ಬರುತ್ತದೆಂದು ಯಾವ ನಂಬಿಕೆ?

ನಟರಾಜನಿಗೆ ಹೇಳಿದಾಗ ಅವನು ಹೌಹಾರಿದ. "ಏನ್ ಮೇಡಂ ನೀವು! ಮೇಲಿನವರೇ ಮೆಚ್ಚಿ ಒಪ್ಪಿದ ಚಿತ್ರ. ಅದನ್ನ ತೆಗೆದು, ಬಾಯಿ ತೆರ್ಕೊಂಡು ಕೂಗೋ ಹೆಂಗಸನ್ನ ಬರೀತೀನಿ ಅಂತೀರಲ್ಲ. ನೋಡಿದೋರು ಏನಂದ್ಕೋತಾರೆ? ರೈಲಲ್ಲಿ ಕಳ್ಳ ನುಗ್ಗಿದಾನೆ ಅಂತಾರೆ."

"ನಗ್ತಾ ಕೂಗೋ ಹಾಗೆ ಬರೀತೀನಿ."

"ಒಂದು ಕೆಲಸ ಮಾಡಿ. ಇದು ಇರ್ಲಿ. ಆಚೆ ಕಂಬದ ಪಕ್ಕ ಚಿಕ್ಕದಾಗಿ ಒಂದು ಕಿಟಕಿ ಬರೀರಿ. ಇಬ್ಬರಿಗೂ ಆಯ್ತು."

ಪುಷ್ಪಾ ಅದನ್ನೂ ಯೋಚಿಸಿದಳು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಕಂಬದ ಪಕ್ಕ ಕೆಂಚಮ್ಮ ಎಷ್ಟೇ ನಕ್ಕರೂ ಇಲ್ಲಿ ಮಂಕರಿ ತಲೆಯ ಮೇಲೆ ಇದ್ದೇ ಇರುತ್ತದೆ. ಬಂದವರು ನೋಡುವುದೂ ಇದನ್ನೇ. ಮುದುಕ ಕೇಳಿದ್ದು ಇನ್ನೊಂದು ಚಿತ್ರ ಬರೆ ಎಂದಲ್ಲ, ಅದನ್ನು ಇಳಿಸು ಎಂದು.

ಬೆಳಿಗ್ಗೆ ಸ್ಟೇಷನ್ನಿಗೆ ಬಂದವಳೇ ಬಿಳಿ ಪ್ರೈಮರ್ ಡಬ್ಬಿ ತೆಗೆದು, ಅಗಲವಾದ ಬ್ರಷ್ ಅದ್ದಿ, ಮಂಕರಿಯ ಮೇಲೆ ಎಳೆದಳು. ಒಂದೇ ಎಳೆತಕ್ಕೆ ಅದು ಮಾಯವಾಯಿತು. ಉಳಿದದ್ದು ಕಷ್ಟವಾಗಲಿಲ್ಲ. ಮುಖಕ್ಕೆ ಬಂದಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬಳಿದುಬಿಟ್ಟಳು.

ಓಡಿ ಬಂದ ನಟರಾಜ್ ಖಾಲಿ ಗೋಡೆಯನ್ನು ನೋಡಿ ತಲೆ ಮೇಲೆ ಕೈ ಹೊತ್ತ. "ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?"

"ನನ್ನ ಹೆಸರು ಹೇಳಿ. ಅವಳೇ ಅಳಿಸಿದ್ಲು ಅನ್ನಿ."

"ಮುಗಿಯದೇ ಇದ್ರೆ?"

"ಮುಗಿಯುತ್ತೆ ನಟರಾಜಣ್ಣ."

ಹೇಳುವುದು ಸುಲಭವಾಗಿತ್ತು. ಅವತ್ತೇ ಮಧ್ಯಾಹ್ನ ಮಳೆ ಹಿಡಿಯಿತು. ಗಾಳಿಗೆ ಎರಚಲು ಛಾವಣಿಯ ಅಂಚಿನಿಂದ ಒಳಗೆ ಹೊಡೆದು, ಹಸಿ ಪ್ರೈಮರ್ ಹಾಲಿನಂತೆ ಗೋಡೆಯಿಂದ ಇಳಿಯಿತು. ಮಾರನೆಯ ದಿನ ಮತ್ತೆ ಬಳಿದಳು, ಮತ್ತೆ ಮಳೆ. ಸುದ್ದಿ ಕೇಳಿದ ಪರಮಶಿವಯ್ಯ, ಪರಿಚಯದ ತೋಟದವರ ಹತ್ತಿರ ಕಾಫಿ ಕಣಕ್ಕೆ ಹೊದಿಸುವ ದೊಡ್ಡ ಪ್ಲಾಸ್ಟಿಕ್ ಹೊದಿಕೆ ಕೇಳಿ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಕಟ್ಟಲು ಜನ ಬೇಕಿತ್ತು. ಪುಷ್ಪಾ ಏಣಿ ಹತ್ತಿ ಒಂದು ತುದಿ ಹಿಡಿದಳು. ಗಾಳಿ ಎಳೆದಾಡಿತು. ಇನ್ನೊಂದು ತುದಿಯನ್ನು ಯಾರೋ ಭದ್ರವಾಗಿ ಹಿಡಿದದ್ದು ಕಂಡು ತಿರುಗಿ ನೋಡಿದರೆ ನಟರಾಜ್.

"ನಿಮ್ಮ ಹಟಕ್ಕೆ ನನ್ನ ಬಟ್ಟೆಯೆಲ್ಲ ಹೋಯ್ತು ಮಾರಾಯ್ರೆ," ಎಂದು ಗೊಣಗುತ್ತಲೇ ಅವನು ಹಗ್ಗ ಬಿಗಿದ. ತನ್ನ ಆಳುಗಳಲ್ಲಿ ಇಬ್ಬರನ್ನು ಕರೆದು ಗೋಡೆಗೆ ಫ್ಯಾನ್ ಹಿಡಿಸಿದ.

ಹೊದಿಕೆಯ ಒಳಗೆ ಉಸಿರು ಕಟ್ಟುವ ಬಣ್ಣದ ವಾಸನೆ. ಹೊರಗೆ ರೈಲು ಬಂದು ಹೋಗುವುದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಮೊದಲು ಬರೆದ ಕಿಟಕಿ ತೀರಾ ಚಿಕ್ಕದಾಯಿತು, ಅಳಿಸಿದಳು. ಆಮೇಲೆ ಬರೆದ ಬಾಯಿ ನೋವಿನಿಂದ ಕಿರುಚಿದಂತೆ ಕಂಡಿತು, ಅದನ್ನೂ ಅಳಿಸಿದಳು. ನಗುತ್ತ ಕೂಗುವ ಮುಖ ಹೇಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಟಿಕೆಟ್ ತೆಗೆದು ಮಂಗಳೂರಿನ ಕಡೆಯ ರೈಲು ಹತ್ತಿದಳು. ದೋಣಿಗಲ್ ದಾಟಿ ಮೊದಲ ಸುರಂಗ ಬಂದೊಡನೆ ಡಬ್ಬಿಯ ಹುಡುಗರೆಲ್ಲ ಕೂಗು ಹಾಕಿದರು. ಅವರ ನಡುವೆ ಒಬ್ಬಳು ದಪ್ಪನೆಯ ಹೆಂಗಸು, ಯಾರದೋ ಅಜ್ಜಿ, ನಾಚಿಕೆ ಬಿಟ್ಟು ತಾನೂ ಕೂಗಿದಳು. ಸುರಂಗ ಮುಗಿದು ಬೆಳಕು ಬಿದ್ದಾಗ ಅವಳ ಕೆನ್ನೆ ಮೇಲಕ್ಕೇರಿತ್ತು, ಕಣ್ಣು ಅರ್ಧ ಮುಚ್ಚಿತ್ತು. ನಗು ಇರುವುದು ಬಾಯಿಯಲ್ಲಲ್ಲ, ಕೆನ್ನೆಯಲ್ಲಿ ಎಂದು ಪುಷ್ಪಾಳಿಗೆ ಹೊಳೆಯಿತು. ತಾನೂ ಮುಂದಿನ ಸುರಂಗದಲ್ಲಿ ಕೂಗಿದಳು. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು, ಸಿಕ್ಕಿದ ಬಸ್ಸು ಹತ್ತಿ ಹಿಂದಿರುಗಿ, ಬಟ್ಟೆಯನ್ನೂ ಬದಲಿಸದೆ ಕುಂಚ ಹಿಡಿದಳು.

ಉದ್ಘಾಟನೆಯ ಹಿಂದಿನ ದಿನ ಮೈಸೂರಿನ ಅಧಿಕಾರಿ ಪರಿಶೀಲನೆಗೆ ಬಂದರು. ಮೇಲ್ಸೇತುವೆ ನೋಡಿದರು, ಪ್ರಯಾಣಿಕರ ಹಾಲ್ ನೋಡಿದರು, ಕುಡಿಯುವ ನೀರಿನ ನಲ್ಲಿಗಳನ್ನು ತಿರುಗಿಸಿ ನೋಡಿದರು. ಗೋಡೆಯ ಹತ್ತಿರ ಬಂದವರು ನಿಂತುಬಿಟ್ಟರು. ಕಪ್ಪು ಸುರಂಗದಿಂದ ಕೆಂಪು ಬಣ್ಣದ ಹಳೆಯ ರೈಲು ಡಬ್ಬಿಯೊಂದು ಅರ್ಧ ಹೊರಗೆ ಬಂದಿತ್ತು. ಕಿಟಕಿಯ ಸರಳು ಹಿಡಿದು ಒಬ್ಬಳು ಹೆಂಗಸು ಬಾಯಿ ತುಂಬ ಕೂಗುತ್ತಿದ್ದಳು. ತಲೆಗೂದಲು ಗಾಳಿಗೆ ಕೆದರಿತ್ತು. ತಲೆಯ ಮೇಲೆ ಏನೂ ಇರಲಿಲ್ಲ.

"ನಾನು ಒಪ್ಪಿದ ಚಿತ್ರ ಎಲ್ಲಿ?"

ನಟರಾಜ್ ನೆಲ ನೋಡಿದ. ಪುಷ್ಪಾ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ.

"ಕೇಳದೆ ಮಾಡಿದ್ದು ತಪ್ಪು," ಎಂದರು ಅಧಿಕಾರಿ.

"ಹೌದು ಮೇಡಂ. ಕೇಳಿದ್ರೆ ಬೇಡ ಅಂತಿದ್ರಿ."

ಅವರು ಮತ್ತೆ ಗೋಡೆಯ ಕಡೆ ತಿರುಗಿದರು. "ನಿಜ ಹೇಳಬೇಕಂದ್ರೆ ನನಗೆ ಹಳೇದೇ ಹೆಚ್ಚು ಇಷ್ಟವಾಗಿತ್ತು."

"ನನಗೂ," ಎಂದಳು ಪುಷ್ಪಾ.

ಅಧಿಕಾರಿ ಮುಂದಿನ ಕೆಲಸ ನೋಡಲು ನಡೆದರು. ಅಳಿಸಿ ಎನ್ನಲಿಲ್ಲ. ಹೊರಡುವಾಗ ಮಾತ್ರ ನಟರಾಜನನ್ನು ಕರೆದು, ಗೋಡೆಗೆ ಎರಚಲು ಹೊಡೆಯದಂತೆ ಛಾವಣಿಯ ಅಂಚನ್ನು ಇನ್ನಷ್ಟು ಮುಂದಕ್ಕೆ ತರಿಸಿ ಎಂದರು.

ಉದ್ಘಾಟನೆಯ ದಿನ ಹೂವು, ಮೈಕು, ಜನ. ದ್ಯಾವಯ್ಯ ಅವತ್ತು ಬರಲಿಲ್ಲ. ಗದ್ದಲದಲ್ಲಿ ತನಗೇನೂ ಕೇಳುವುದಿಲ್ಲ ಎಂದಿದ್ದ. ಎಲ್ಲ ಮುಗಿದು ಸ್ಟೇಷನ್ ಮಾಮೂಲಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಸುಮಿತ್ರಮ್ಮನ ಜೊತೆ ಬಂದ. ಪುಷ್ಪಾ ಕೋಟೆಯ ಒಂದು ಮೂಲೆಯನ್ನು ತಿದ್ದುತ್ತಿದ್ದಳು. ಏಣಿಯಿಂದ ಇಳಿದು ಪಕ್ಕಕ್ಕೆ ಸರಿದು ನಿಂತಳು.

ಮುದುಕ ಚಿತ್ರ ನೋಡಿದ. ಮೊದಲು ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಪುಷ್ಪಾ ಗಾಬರಿಯಾದಳು. ಅವನು ನಗುತ್ತಿದ್ದ.

"ಥೂ, ಇವಳ! ಹಿಂಗೇ ಕಣವ್ವ, ಹಿಂಗೇ ಮರ್ಯಾದೆ ಕಳೆದಿದ್ಲು ನಂದು," ಎಂದ. ಹತ್ತಿರ ಹೋಗಿ ಕಿಟಕಿಯ ಸರಳಿನ ಮೇಲಿದ್ದ ಕೈಯನ್ನು ಮುಟ್ಟಿದ. ಸುಮಿತ್ರಮ್ಮ ದೂರದಲ್ಲೇ ನಿಂತು ತಾಯಿಯನ್ನು ನೋಡುತ್ತಿದ್ದಳು, ಅವಳ ಕೆನ್ನೆಯೂ ಹಾಗೇ ಮೇಲಕ್ಕೇರಿತ್ತು.

ಸ್ವಲ್ಪ ಹೊತ್ತಿಗೆ ಮುದುಕ ಹುಬ್ಬು ಗಂಟಿಕ್ಕಿದ. "ಓಲೆ ಎಲ್ಲಿ?"

"ಯಾವ ಓಲೆ ತಾತ?"

"ಅವತ್ತು ಪಕ್ಕದ ಗುಡ್ಲು ಸಾವಂತ್ರಿ ಹತ್ರ ಕೆಂಪು ಕಲ್ಲಿನ ಓಲೆ ಎರವಲು ಇಸ್ಕಂಡು ಹಾಕ್ಕಂಡಿದ್ಲು. ಸಮುದ್ರದ ತಾವ ಒಂದು ಎಲ್ಲಿ ಬಿದ್ದೋಯ್ತದೋ ಅಂತ ಕಿವಿ ಹಿಡ್ಕಂಡೇ ನಿಂತಿದ್ಲು."

ಪುಷ್ಪಾ ನಕ್ಕು, ಬಣ್ಣದ ಡಬ್ಬಿಗಳಲ್ಲಿ ಕೆಂಪು ಹುಡುಕಿದಳು. ಸಣ್ಣ ಕುಂಚ ಅದ್ದಿಕೊಂಡು ಮತ್ತೆ ಏಣಿ ಹತ್ತಿದಳು. ದ್ಯಾವಯ್ಯ ಕೆಳಗೆ ಏಣಿ ಹಿಡಿದು ನಿಂತು, ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ದೊಡ್ಡದು ಎಂದು ಹೇಳುತ್ತಿದ್ದ.